ಅತ್ತೆ ಮಗುಚಿ ನೋಡಿದ ಸೀರೆ

ವಾರಗಿತ್ತಿಯ ಟ್ಯಾಬ್ಲೆಟ್ ಕಂಡರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅತ್ತೆ ಒಪ್ಪದ ಸೀರೆ ಮಗ್ಗಕ್ಕೆ ಏರುವುದಿಲ್ಲ. ಸೆರಗಿಗೆಂದು ನಾನು ಕಂಪ್ಯೂಟರಿನಲ್ಲಿ ಒಂದು ನವಿಲು ಬರೆದಿದ್ದೆ. ಕಂಪ್ಯೂಟರ್ ಇದ್ದದ್ದು ಮಹಡಿಯ ಮೇಲೆ, ಅತ್ತೆಗೋ ಮಂಡಿನೋವು. ಫೋನಿನಲ್ಲಿ ತೋರಿಸಿದರೆ, “ನವಿಲೋ ನೊಣಾನೋ, ಏನೂ ಕಾಣ್ತಿಲ್ಲ” ಎಂದುಬಿಟ್ಟರು.

ಮರುದಿನ ವಾರಗಿತ್ತಿ ಅದೇ ನವಿಲನ್ನು ನನ್ನಿಂದಲೇ ಕಳಿಸಿಕೊಂಡು, ತನ್ನ ಟ್ಯಾಬ್ಲೆಟ್ಟನ್ನು ಅತ್ತೆಯ ತೊಡೆಯ ಮೇಲಿಟ್ಟಳು. ಅತ್ತೆ ಕಣ್ಣರಳಿಸಿ ನೋಡಿದರು. ಆಮೇಲೆ, ನೇಯ್ದ ಸೀರೆಯ ಹಿಂಬದಿಯ ಎಳೆ ನೋಡುವ ಅಭ್ಯಾಸದಲ್ಲಿ, ಟ್ಯಾಬ್ಲೆಟ್ಟನ್ನೇ ಮಗುಚಿದರು. ಎಲ್ಲರೂ ನಕ್ಕರು. “ಚೆಂದೈತೆ ಕಣವ್ವ” ಎಂದು ಅತ್ತೆ ಅವಳ ಬೆನ್ನು ಸವರಿದರು.

ನನಗೆ ನಗು ಬರಲಿಲ್ಲ. ನನ್ನ ಫೋನನ್ನು ಅವರು ಒಮ್ಮೆಯೂ ಮಗುಚಿ ನೋಡಿರಲಿಲ್ಲ.