ಕಳೆದುಹೋದವರ ಮೇಲ್ ಐಡಿ ಹುಡುಕುವ ಶಶಿರೇಖಾ

ಕೋಗಿಲು ಕ್ರಾಸಿನಲ್ಲಿ ಇನ್ನೂ ಮಂಜು ಕರಗಿಲ್ಲ. ಹಾಲಿನ ಬೂತಿನ ಪಕ್ಕದ ಸೈಬರ್ ಸೆಂಟರಿನ ಷಟರ್ ಆಗಲೇ ಅರ್ಧ ಮೇಲೆದ್ದಿದೆ. ಶಶಿರೇಖಾ ದೇವರ ಪಟಕ್ಕೆ ಊದುಕಡ್ಡಿ ಬೆಳಗಿ, ಮಾನಿಟರಿಗೂ ಒಂದು ಸುತ್ತು ತೋರಿಸಿ ಕೂರುತ್ತಾರೆ. ಇದು 2009. ಬಿಸಿಲೇರಿದರೆ ಕರೆಂಟು ಯಾವಾಗ ಕೈಕೊಡುತ್ತದೋ ಬಲ್ಲವರಾರು. ನೆಟ್ಟೂ ಬೆಳಗ್ಗೆಯೇ ಚುರುಕು. “ಊರೆಲ್ಲ ನಿದ್ದೇಲಿರುತ್ತೆ ಕಣ್ರೀ. ನಾನೊಬ್ಳೇ ಎಲ್ಲರ ಕನಸೊಳಗೆ ಓಡಾಡ್ದಂಗಿರುತ್ತೆ,” ಎಂದು ನನ್ನತ್ತ ತಿರುಗಿ ನಗುತ್ತಾರೆ.

ರಿಸಲ್ಟು, ರೈಲು ಟಿಕೆಟ್ಟು ಎಲ್ಲ ಸೈಬರಿನಲ್ಲೂ ಸಿಗುತ್ತವೆ. ಆದರೆ ಬ್ಯಾಟರಾಯನಪುರ, ಸಹಕಾರನಗರದಿಂದ ಜನ ಇಲ್ಲಿಗೆ ಬರುವುದು ಕಳೆದುಹೋದವರ ಮೇಲ್ ಐಡಿ ಹುಡುಕಿಸಲು. ಫೋನಿಗಿದ್ದಂತೆ ಇದಕ್ಕೆ ಡೈರೆಕ್ಟರಿ ಎಲ್ಲಿದೆ ಹೇಳಿ? ಶಶಿರೇಖಾ ಹೆಸರು, ಅಪ್ಪನ ಹೆಸರು, ಹುಟ್ಟಿದ ವರ್ಷ ಕೇಳಿ, ಹಿಂದುಮುಂದು ಜೋಡಿಸಿ, ತೋಚಿದ ವಿಳಾಸಕ್ಕೆಲ್ಲ ಮೇಲ್ ಕಳಿಸುತ್ತಾರೆ. “ವಾಪಸ್ ಬಂತಾ, ಆ ಮನೇಲಿ ಯಾರೂ ಇಲ್ಲ. ಬರ್ಲಿಲ್ವಾ, ಯಾರೋ ಇದಾರೆ. ಆ ಯಾರೋ ಯಾರು ಅನ್ನೋದೇ ತಲೆನೋವು.”

ಆ ತಲೆನೋವಿನ ಬಿಸಿ ಅವರಿಗೆ ಒಮ್ಮೆ ತಟ್ಟಿದೆ. ಹೀಗೇ ಹುಡುಕಿಸಲು ಬಂದ ಆನಂದಪ್ಪ ಎಂಬುವರ ಹಳೇ ಗೆಳೆಯ ಸಂಗಪ್ಪನನ್ನು ಹುಡುಕುವಾಗ ಮೊದಲ ಮೇಲಿನಲ್ಲೇ ಅವರಿಬ್ಬರ ಕಥೆಯೆಲ್ಲ ಬರೆದುಬಿಟ್ಟಿದ್ದರು. ಅದೇ ಹೆಸರಿನ ಯಾವನೋ ತರಲೆ “ನಾನೇ ಅವನು, ಭಾನುವಾರ ಬರ್ತೀನಿ” ಎಂದು ಉತ್ತರಿಸಿದ. ಪಾಪ, ಆನಂದಪ್ಪ ಯಶವಂತಪುರ ಸ್ಟೇಷನ್ನಿನಲ್ಲಿ ಹಾರ ಹಿಡಿದು, ರೈಲು ಖಾಲಿಯಾಗುವ ತನಕ ನಿಂತಿದ್ದರು. “ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು,” ಎನ್ನುತ್ತಾರೆ ಶಶಿರೇಖಾ. ಅಂದಿನಿಂದ ಮೊದಲ ಮೇಲಿನಲ್ಲಿ ಒಂದೇ ಪ್ರಶ್ನೆ, ನಿಜವಾದವರಿಗೆ ಮಾತ್ರ ಗೊತ್ತಿರುವಂಥದ್ದು.

ಈಗ ಅವರ ಪಕ್ಕದಲ್ಲಿ ಸೆರಗು ಹೊದ್ದು ಕೂತವರು ಕೋಗಿಲಿನ ಹಳಬರು, ಮುನಿನಾರಾಯಣಮ್ಮ. ಬಹಳ ಹಿಂದೆ ಇವರ ಕೂಸು ಹುಟ್ಟಿ ತೀರಿಕೊಂಡ ವಾರವೇ ಇವರ ಮನೆಯಲ್ಲಿ ಬಾಡಿಗೆಗಿದ್ದ ಬಾಣಂತಿ ಹಾಸಿಗೆ ಹಿಡಿದಳು. ಆಕೆಯ ಮಗು ವನಿತಾಳಿಗೆ ಎದೆಹಾಲು ಕೊಟ್ಟವರು ಇವರೇ. ಮಗು ಶಾಲೆಗೆ ಸೇರುವಷ್ಟರಲ್ಲಿ ಅಪ್ಪನಿಗೆ ವರ್ಗವಾಯಿತು, ಆಮೇಲೆ ಸುದ್ದಿಯಿಲ್ಲ. “ನಾನೇನ್ ಕೇಳಾಕಿಲ್ಲ ಕಣವ್ವ. ಅವ್ಳಿಗೆ ನನ್ ನೆಪ್ಪೈತಾ ಅಂತ ಗೊತ್ತಾದ್ರೆ ಸಾಕು. ಇಲ್ಲಾಂದ್ರೆ ಇಂಗೇ ಇದ್ಬುಡ್ತೀನಿ.”

“ಚಿಕ್ಕಂದಿನಲ್ಲಿ ಮನೆ ಓನರಮ್ಮನನ್ನು ಏನೆಂದು ಕರೆಯುತ್ತಿದ್ದೆ?” ಇಷ್ಟೇ ಕೇಳಿ ಶಶಿರೇಖಾ ವನಿತಾಳದಿರಬಹುದಾದ ವಿಳಾಸಕ್ಕೆಲ್ಲ ಕಳಿಸಿದ್ದರು. ಒಂದು ಮೇಲ್ ಮಾತ್ರ ವಾಪಸ್ ಬಂದಿಲ್ಲ, ಉತ್ತರವೂ ಇಲ್ಲ. ಮುನಿನಾರಾಯಣಮ್ಮ ದಿನಾ ಬಂದು ಕೂರುತ್ತಾರೆ. “ಮರ್ತಿರ್ಬೋದು ಅಂತ ಹೇಳೋಕೆ ನನಗೆ ಬಾಯೇ ಬರಲ್ಲ,” ಎಂದು ಶಶಿರೇಖಾ ನನ್ನ ಕಿವಿಯಲ್ಲಿ ಉಸುರುತ್ತಾರೆ.

ಇವತ್ತಿನ ಮೇಲ್ ಪುಟ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಉತ್ತರ ಬಂದಿದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಒಂದೇ ಸಾಲು. ಶಶಿರೇಖಾ ಮನಸ್ಸಿನಲ್ಲೇ ಓದಿಕೊಳ್ಳುತ್ತಾರೆ. ಆಮೇಲೆ ಮುನಿನಾರಾಯಣಮ್ಮನ ಕಡೆ ತಿರುಗಿ ಗಟ್ಟಿಯಾಗಿ ಓದುತ್ತಾರೆ.

“‘ಹಾಲಮ್ಮ ಅಂತಿದ್ದೆ. ಅವರು ಇನ್ನೂ ಇದ್ದಾರಾ?’ ಅಂತ ಕೇಳಿದಾಳೆ ಕಣಮ್ಮ.”

ಮುನಿನಾರಾಯಣಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಸುಮಾರು ಹೊತ್ತು ಅಳುತ್ತಾರೆ. ಶಶಿರೇಖಾ ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾಯುತ್ತಾರೆ. “ಏನಂತ ಬರೀಲಿ?”

“ಹಾಲಮ್ಮ ಇನ್ನೂ ಬದುಕವ್ಳೆ ಅಂತ ಬರಿ. ಉಂಡ್ಕೊಂಡು ಬಾ ಅನ್ಬ್ಯಾಡ. ಬಂದು ಉಣ್ಣು ಅನ್ನು.”