ಬಿಕ್ಕೋಡಿನ ಗುಡ್ಡದ ಗೌರಿ ಹೂ

ಬಿಕ್ಕೋಡಿನ ಆಚೆಯ ಗುಡ್ಡದಲ್ಲಿ ಸೋನೆ ಮಳೆ ಹಿಡಿದು, ಹುಲ್ಲಿಗೂ ಆಕಾಶಕ್ಕೂ ನಡುವಿನ ಗೆರೆ ಅಳಿಸಿಹೋಗಿತ್ತು. ಹುಡುಗಿಯಾಗಿದ್ದಾಗ ಇಲ್ಲಿ ಕೊಯ್ಯುತ್ತಿದ್ದ ಗೌರಿ ಹೂವನ್ನು ಇನ್ನೊಮ್ಮೆ ಹಬ್ಬದಲ್ಲಿ ದೇವರಿಗೆ ಏರಿಸಬೇಕೆಂದು ನನ್ನ ಹೆಂಡತಿ ಮದುವೆಯಾದಂದಿನಿಂದ ಕೇಳುತ್ತಿದ್ದಳು. ತಾಲ್ಲೂಕು ಕಚೇರಿಯ ಕೆಲಸದ ನೆಪ ಹೇಳಿ ನಾನು ಪ್ರತಿ ವರ್ಷವೂ ತಪ್ಪಿಸಿಕೊಂಡೆ. ಈಗ ಅರಸೀಕೆರೆಯಿಂದ ಬಂದರೆ, ಅವಳ ಮಂಡಿ ಅರ್ಧ ಗುಡ್ಡಕ್ಕೇ ಸೋತಿತು. ಅವಳನ್ನು ಬಂಡೆಯ ಮೇಲೆ ಕೂರಿಸಿ, ಕೈಗೆ ಕೊಡೆ ಕೊಟ್ಟು, ನಾನೊಬ್ಬನೇ ಹತ್ತಿದೆ.

ಮಂಜಿನೊಳಗೆ ಯಾರೋ ದೀಪ ಹಚ್ಚಿಟ್ಟಂತೆ ಒಂದೇ ಒಂದು ಹೂ ಸಿಕ್ಕಿತು. ಬುಡ ಹಳದಿ, ತುದಿ ಕೆಂಪು. ಕನಸಿನಲ್ಲಿ ನಡೆಯುವವನಂತೆ ಇಳಿದು ಬಂದೆ.

"ಇದಕ್ಕೆ ವಾಸನೇನೇ ಇಲ್ವಲ್ಲೇ" ಎಂದೆ.

ಅವಳು ನನ್ನ ಮುಖ ನೋಡಿದಳು. "ಮೂಸಿಬಿಟ್ರಾ? ಮೂಸಿದ್ದು ದೇವರಿಗೆ ಆಗುತ್ತೇನ್ರೀ?"

"ಮರೆತೆ ಕಣೇ. ಇನ್ನೊಂದು ಹುಡುಕ್ತೀನಿ."

ಗುಡ್ಡದ ತಲೆ ಆಗಲೇ ಮಂಜಿನಲ್ಲಿ ಮುಚ್ಚಿಹೋಗಿತ್ತು.

"ಸಾಕು, ಜಾರಿ ಬಿದ್ದೀರಿ. ಗೌರಮ್ಮಂಗೆ ಸೇವಂತಿಗೆ ಇದ್ದೇ ಇದೆ." ಸೆರಗು ಸರಿಸಿ, ನನಗೆ ಬೆನ್ನು ತಿರುಗಿಸಿ ಕೂತಳು. "ಇದನ್ನ ನನಗೇ ಮುಡಿಸಿ."

ಹೆಂಡತಿಗೆ ಹೂ ಮುಡಿಸಲು ನನಗೆ ಬರುವುದಿಲ್ಲವೆಂಬುದು ಆಗ ಗೊತ್ತಾಯಿತು. ಅವಳು ತಲೆ ಅಲುಗಿಸದೆ ಕಾದಳು.