ಆಲೆಮನೆಯ ಒಲೆ ಮುಂದೆ

ಬೆಸಗರಹಳ್ಳಿ ರಸ್ತೆಯ ಆಲೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನ ಜೊತೆ ಬಂದ ಲೂಸಿಯಾ ಬ್ರೆಜಿಲ್‌ನವಳು. ಅಮೆಜಾನ್ ಕಾಡಿನ ಜನಪದ ತಾಳಕ್ಕೆ ಜಾಝನ್ನೂ ಶಾಸ್ತ್ರೀಯ ಸಂಗೀತವನ್ನೂ ಬೆರೆಸಿ ನುಡಿಸುತ್ತಾಳೆ. ಸಂಜೆ ಮಂಡ್ಯದಲ್ಲಿ ಇಲ್ಲಿನ ತಮಟೆಯವರ ಜೊತೆ ಕಾರ್ಯಕ್ರಮ. ಇಲ್ಲೇ ತಾಲೀಮಿಗೆ ಕೂತರೆ, ಬೆಳಗಿನ ಇಬ್ಬನಿಗೆ ತಮಟೆಯಂಥ ಅವಳ ವಾದ್ಯದ ಚರ್ಮ ಮೆತ್ತಗಾಗಿ ದನಿಯೇ ಇಲ್ಲ.

"ಇದ್ಯಾವ ಸೀಮೆ ತಮಟೆ? ಇದ್ರ ಜೊತೆ ನಾವ್ ಬಾರ್ಸಾಕಿಲ್ಲ ಬುಡಿ," ಎಂದ ತಮಟೆಯ ಸಿದ್ದಣ್ಣ.

ಲೂಸಿಯಾಗೆ ಮಾತು ತಿಳಿಯಲಿಲ್ಲ. ಎದ್ದುಹೋಗಿ ಬೆಲ್ಲದ ಒಲೆಯ ಬಾಯಿಗೆ ವಾದ್ಯ ಹಿಡಿದಳು. ತಿರುಗಿಸುತ್ತ, ಬೆರಳಲ್ಲಿ ತಟ್ಟಿ ನೋಡುತ್ತ, ಥೇಟ್ ತಮಟೆ ಕಾಯಿಸುವವರ ಹಾಗೆ. ಸಿದ್ದಣ್ಣ ತನ್ನ ತಮಟೆಯನ್ನೂ ತಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

ಆಮೇಲೆ ಇಬ್ಬರೂ ಬಾರಿಸಿದ್ದಕ್ಕೆ ಗಾಣದವನು ಕುಣಿದ, ಪಾಕ ತಿರುವುವವನು ಮೈಮರೆತ, ಬೆಲ್ಲ ತಳಹಿಡಿಯಿತು. ಯಜಮಾನ ಓಡಿಬಂದ. ಬೈದೇ ಬಿಟ್ಟ ಅಂದುಕೊಂಡೆ.

"ಸೀದ್ರೆ ಸೀಯ್ಲಿ ಕಣಮ್ಮ, ಇನ್ನೊಂದ್ ಕಿತ ಬಾರ್ಸು!"